ಒಂದೇ ಬಡಿತ

ಬೆಲ್ಲದ ಬಾಗೇವಾಡಿ
೯ ಮಾರ್ಚ್ ೨೦೨೫

ಅಪ್ಪಾ, ಜೈಭೀಮ್.

ಹೋದ ವಾರ ಫೋನ್ ಮಾಡಿದ್ದೆ. ನೀವು ಎತ್ತಿದಿರಿ, ನಾನು ಮಾತಾಡಿದೆ, ಆ ಕಡೆ ನಿಮ್ಮ ಉಸಿರು ಮಾತ್ರ ಕೇಳುತ್ತಿತ್ತು. ಗಂಟಲಿನ ಆಪರೇಷನ್ ಆಗಿ ನಿಮ್ಮ ದನಿ ಹೋಗಿ ಮೂರು ವರ್ಷವಾದರೂ ನನಗೆ ಅದು ರೂಢಿಯಾಗಿಲ್ಲ. ಏನಾದರೂ ಕೇಳಿ ಉತ್ತರಕ್ಕೆ ಕಾಯುತ್ತೇನೆ, ಆಮೇಲೆ ನೆನಪಾಗುತ್ತದೆ. ಮೆಸೇಜು ಹಾಕಿದರೆ ನೀವು ನೋಡುವುದಿಲ್ಲ. ಬೆರಳಿನ ಕೆಳಗೆ ಓಡಿಹೋಗುವ ಅಕ್ಷರ ಅಕ್ಷರವೇ ಅಲ್ಲ ಎಂದು ಒಮ್ಮೆ ಬರೆದಿದ್ದಿರಿ. ಅದಕ್ಕೇ ಈ ಕಾಗದ.

ಗೋಕಾಕದ ಹೊರವಲಯದಲ್ಲಿ ಲಾರಿ ಓಡಿಸಲು ಕಲಿಸುವ ಶಾಲೆಯೊಂದು ಇದೆ. ಪಂಚಾಯತಿಯ ಕಸದ ಗಾಡಿ ಓಡಿಸುವ ಹೆಣ್ಣುಮಕ್ಕಳು ಅರ್ಜಿ ಹಾಕಬಹುದು ಎಂದಿದ್ದರು. ಹಾಕಿದೆ. ಹುಕ್ಕೇರಿ ತಾಲೂಕಿನಿಂದ ಇಬ್ಬರ ಹೆಸರು ಬಂದಿದೆ, ಅದರಲ್ಲಿ ನನ್ನದೊಂದು. ಜೂನ್ ಎರಡನೇ ತಾರೀಖು ಶುರು, ಮೂವತ್ತು ದಿನ. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಏಪ್ರಿಲ್ ಮೂವತ್ತರೊಳಗೆ ಸಹಿ ಮಾಡಿ ಕೊಡಬೇಕು. ಕೊಡದಿದ್ದರೆ ನನ್ನ ಜಾಗ ಪಟ್ಟಿಯಲ್ಲಿ ಮುಂದಿನವಳಿಗೆ ಹೋಗುತ್ತದೆ.

ಹೆಸರು ಬಂದ ದಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕುಳಿತೆ. ಹೇಳಿಕೊಳ್ಳಲು ಇಲ್ಲಿ ಯಾರೂ ಇಲ್ಲ. ಪಕ್ಕದ ಕೋಣೆಯ ನರ್ಸಮ್ಮ ವರ್ಗವಾಗಿ ಹೋದಳು. ಅವ್ವ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ.

ಬೇಕೆಂದು ನಾನೇ ಹಾಕಿದ ಅರ್ಜಿ. ಈಗ ಹೋಗಲೋ ಬೇಡವೋ ತಿಳಿಯುತ್ತಿಲ್ಲ. ನೀವು ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಬರೆಯಿರಿ.

ನಿಮ್ಮ ಮಗಳು
ಆಮ್ರಪಾಲಿ


ಮೂಡಲಗಿ
೧೭ ಮಾರ್ಚ್ ೨೦೨೫

ಮಗಳು ಆಮ್ರಪಾಲಿಗೆ ಜೈಭೀಮ್.

ನಿನ್ನ ಕಾಗದ ಹೊರಟು ಆರು ದಿನಕ್ಕೆ ಬಂತು. ಬೆಲ್ಲದ ಬಾಗೇವಾಡಿಯಿಂದ ಮೂಡಲಗಿಗೆ ನಡೆದುಕೊಂಡು ಬಂದರೂ ಎರಡು ದಿನ ಸಾಕು. ಈ ಬಗ್ಗೆ ಮೇಲಿನವರಿಗೆ ಬರೆಯುತ್ತಿದ್ದೇನೆ.

ಹೋಗು. ಕೇಳುವುದೇನಿದೆ? ನೀನು ಬಿ.ಎ. ಓದಿದವಳು. ಓದಿದವಳಿಗೆ ಸರಕಾರ ನಾಲ್ಕು ಚಕ್ರ ಕೊಟ್ಟಿತು, ಅದರ ಹಿಂದೆ ಕಸ ತುಂಬಿ ಕೊಟ್ಟಿತು. ಊರಿನಲ್ಲಿ ಎಷ್ಟೋ ಮನೆತನಗಳಿವೆ, ಕಸದ ಗಾಡಿಯ ಚಾವಿ ಮಾತ್ರ ನಮ್ಮ ಓಣಿಯ ಹುಡುಗಿಯರ ಕೈಗೇ ಹೇಗೆ ಬರುತ್ತದೆ? ಪೇಪರಿನಲ್ಲಿ ಅದಕ್ಕೆ ಮಹಿಳಾ ಸಬಲೀಕರಣ ಎಂದು ಬರೆಯುತ್ತಾರೆ. ನನಗೆ ಎಲ್ಲಾ ನೆನಪಿದೆ. ನಮ್ಮ ಓಣಿಗೆ ನಳ ತರುತ್ತೇವೆ ಎಂದು ಎಪ್ಪತ್ತೆಂಟರಲ್ಲಿ ಹೇಳಿದ್ದರು, ತೊಂಬತ್ತೊಂದರಲ್ಲಿ ತಂದರು, ತೊಂಬತ್ತೆರಡರಲ್ಲಿ ಅದು ಒಣಗಿತು. ಗ್ರಂಥಾಲಯದ ಮಾಡು ಸೋರುವುದರ ಬಗ್ಗೆ ನಾನು ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಹೋದ ವರ್ಷ ಬಂದು ಮಾಡು ಹಾಗೇ ಬಿಟ್ಟು ಕೆಳಗಿನ ಪುಸ್ತಕಗಳನ್ನೇ ಬೇರೆ ಕಡೆ ಒಯ್ದರು. ಅರ್ಜಿ ವಿಲೇವಾರಿಯಾಗಿದೆ ಎಂದು ಉತ್ತರ ಬಂತು.

ನಿನ್ನ ವಿಷಯಕ್ಕೆ ಬರುತ್ತೇನೆ. ಲಾರಿ ದೊಡ್ಡದು, ಆದರೆ ಮೃದು. ಕ್ಲಚ್ಚನ್ನು ಪೂರಾ ಒತ್ತಬೇಕು, ಬಿಡುವಾಗ ತೊಟ್ಟಿಲಿನ ಹಗ್ಗ ಬಿಟ್ಟ ಹಾಗೆ ಬಿಡಬೇಕು. ಎತ್ತರದಲ್ಲಿ ಕೂಡುವುದರಿಂದ ರಸ್ತೆ ದೂರದವರೆಗೆ ಕಾಣುತ್ತದೆ. ಇಳಿಜಾರಿನಲ್ಲಿ ಗೇರ್ ತೆಗೆಯಬೇಡ. ಡೀಸೆಲ್ ಉಳಿಸುತ್ತೇವೆ ಎನ್ನುವವರು ಪ್ರಾಣ ಕಳೆಯುತ್ತಾರೆ. ಉಳಿದದ್ದನ್ನು ಅವರು ಕಲಿಸುತ್ತಾರೆ.

ಗಂಟಲು ಪರವಾಗಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ.

ನಿನ್ನ ಅಪ್ಪ
ದುರ್ಗಪ್ಪ


ಬೆಲ್ಲದ ಬಾಗೇವಾಡಿ
೨ ಏಪ್ರಿಲ್ ೨೦೨೫

ಅಪ್ಪಾ, ಜೈಭೀಮ್.

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನಳ ಬಂತು, ಮಾಡು ಬಂತು, ಇಳಿಜಾರು ಬಂತು. ಲಾರಿಯನ್ನು ಹಿಂದಕ್ಕೆ ತರುವುದರ ಬಗ್ಗೆ ಒಂದು ಮಾತೂ ಇಲ್ಲ.

ನಿಮಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ. ನಾನು ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಲೈಸೆನ್ಸಿನ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿದ ಹಾಗೆ ಒಮ್ಮೆ ತೆಗೆದುಕೊಂಡಿದ್ದೆ, ಅಷ್ಟೇ. ಮೂರು ವರ್ಷದಿಂದ ಈ ಊರಿನ ಯಾವ ಸಂದಿಯಲ್ಲಿ ನುಗ್ಗಿದರೆ ಯಾವ ಕಡೆ ಹೊರಗೆ ಬರಬಹುದು ಎಂದು ಲೆಕ್ಕ ಹಾಕಿಯೇ ಓಡಿಸುತ್ತೇನೆ. ಹೊರದಾರಿ ಇಲ್ಲದ ಓಣಿಗಳ ಬಾಯಲ್ಲೇ ಗಾಡಿ ನಿಲ್ಲಿಸಿ ಬಕೆಟ್ ಹಿಡಿದು ನಡೆದುಕೊಂಡು ಹೋಗುತ್ತೇನೆ. ಮಠದ ಹಿಂದಿನ ಓಣಿಯ ಹೆಂಗಸರು ನಗುತ್ತಾರೆ. "ಏನವಾ ಅಕ್ಕಾ, ನಿನ್ನ ಗಾಡಿಗೆ ಮುಂದ ಹೋಗೂದಷ್ಟ ಕಲಿಸ್ಯಾರೇನು?" ಎಂದು ಭಾಗ್ಯಾ ಅನ್ನುವವಳು ದಿನಾ ಕೇಳುತ್ತಾಳೆ. "ಹೂಂ, ಹಿಂದಕ ನೋಡೂದು ನಮ್ಮ ಗಾಡಿಗೆ ಆಗಿಬರಂಗಿಲ್ರಿ" ಎಂದು ನಾನೂ ನಗುತ್ತೇನೆ.

ಲಾರಿಯಲ್ಲಿ ಹಾಗೆ ನಡೆಯುವುದಿಲ್ಲ. ಶಾಲೆಯಲ್ಲಿ ಮೊದಲ ವಾರ ಕಲಿಸುವುದೇ ಅದನ್ನಂತೆ. ಹಿಂದೆ ಒಬ್ಬರು ನಿಂತು ಬಾಡಿ ಬಡಿಯುತ್ತಾರೆ, ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಬಾ.

ಎರಡು ಸಾವಿರದ ಏಳು, ಮೇ ತಿಂಗಳು. ನನಗೆ ಹದಿನಾಲ್ಕು. ನಿಮ್ಮ ಕ್ಲೀನರ್ ಮದುವೆಗೆ ಹೋಗಿದ್ದ. ಸಾಲಿ ಸೂಟಿ ಇತ್ತು, ನಾನು ಬರುತ್ತೇನೆ ಎಂದು ಹಟ ಹಿಡಿದೆ. ನಾವು ಗೋಕಾಕದ ಬೆಲ್ಲದ ಗೋದಾಮಿಗೆ ಹೋದೆವು. ನೀವು ಲಾರಿಯನ್ನು ಹಿಂದಕ್ಕೆ ತರುತ್ತಿದ್ದಿರಿ, ನಾನು ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿದ್ದೆ. ಮಾಲು ಇಳಿಸುವ ಕಟ್ಟೆ ಹತ್ತಿರ ಬಂದಾಗ ಬಾಡಿ ಬಡಿದೆ. ಲಾರಿ ನಿಲ್ಲಲಿಲ್ಲ. ನಮ್ಮೂರಿನವರೇ ಆದ ಹಮಾಲ ಮಾಲಿಂಗಪ್ಪ ಕಾಕಾನ ಕಾಲು ಕಟ್ಟೆಗೂ ಲಾರಿಗೂ ನಡುವೆ ಸಿಕ್ಕಿತು.

ಎಷ್ಟು ಸಲ ಬಡಿದೆ ಎಂದು ಎಲ್ಲರೂ ಕೇಳಿದರು. ಒಂದೇ ಎಂದೆ. ಒಂದು ಬಡಿದಿದ್ದರೆ ಲಾರಿ ಯಾಕೆ ಬರುತ್ತಿತ್ತು ಎಂದರು. ಸಣ್ಣ ಹುಡುಗಿ, ಗಾಬರಿಯಲ್ಲಿ ಎರಡು ಬಡಿದಿದ್ದಾಳೆ ಎಂದರು. ಎರಡು, ಎರಡು ಎಂದು ಅಷ್ಟು ಜನ ಹೇಳಿದ ಮೇಲೆ ನನ್ನ ಕಿವಿಯಲ್ಲೂ ಎರಡೇ ಕೇಳಿಸತೊಡಗಿತು. ಈಗ ಎಷ್ಟು ನೆನಪು ಮಾಡಿಕೊಂಡರೂ ಎರಡೇ ಕೇಳುತ್ತದೆ.

ಅಂದಿನಿಂದ ನೀವು ಲಾರಿ ಮುಟ್ಟಲಿಲ್ಲ. ನನ್ನ ಜೊತೆ ಆ ಮಾತನ್ನೂ ಎತ್ತಲಿಲ್ಲ. ಮೂಡಲಗಿ ಬಸ್ ನಿಲ್ದಾಣದ ಬಾಗಿಲಲ್ಲಿ ಮಾಲಿಂಗಪ್ಪ ಕಾಕಾ ಒಂದೇ ಕಾಲಿನಲ್ಲಿ ಕುಳಿತು ವೀಳ್ಯದೆಲೆ ಮಾರುತ್ತಿದ್ದರೆ ನಾನು ಆಚೆಯ ದಾರಿ ಹಿಡಿಯುತ್ತಿದ್ದೆ. ನಾನು ಊರು ಬಿಟ್ಟದ್ದು ಕೆಲಸಕ್ಕಾಗಿ ಎಂದು ನೀವು ತಿಳಿದಿರಬಹುದು.

ಅದಕ್ಕೇ ಕೇಳಿದ್ದು, ಹೋಗಲೋ ಬೇಡವೋ ಎಂದು. ನನ್ನ ಕೈಗೆ ಲಾರಿ ಕೊಡಬಹುದೇ? ನೀವು ಹೇಳಿ.

ಆಮ್ರಪಾಲಿ


ಮೂಡಲಗಿ
೧೪ ಏಪ್ರಿಲ್ ೨೦೨೫

ಮಗಳೇ, ಜೈಭೀಮ್.

ಇವತ್ತು ಜಯಂತಿ. ಓಣಿಯ ಹುಡುಗರು ಮೆರವಣಿಗೆ ಹೊರಡಿಸಿದ್ದಾರೆ, ಹಲಗೆಯ ಸದ್ದಿಗೆ ಕಿಟಕಿ ಅದುರುತ್ತಿದೆ. ಪ್ರತಿ ವರ್ಷ ನನ್ನಿಂದ ಭಾಷಣ ಮಾಡಿಸುತ್ತಿದ್ದರು. ಈಗ ಬರೆದುಕೊಡುತ್ತೇನೆ, ಇನ್ನೊಬ್ಬರು ಓದುತ್ತಾರೆ. ಓದುವವನು ಕೋಪದ ಜಾಗದಲ್ಲೆಲ್ಲ ನಗುತ್ತಾನೆ.

ಆ ಹಳೆಯ ಮಾತು ಯಾಕೆ ತೆಗೆಯುತ್ತೀ? ಸಣ್ಣ ಮಗು ನೀನಾಗ. ಮಕ್ಕಳ ಕೈ ತಪ್ಪುವುದು ಸಹಜ. ನಾನು ಎಂದಾದರೂ ನಿನ್ನನ್ನು ದೂರಿದ್ದೇನೆಯೇ? ಇಲ್ಲ. ನಿನ್ನ ಅವ್ವನನ್ನು ಕೇಳಬಹುದಿತ್ತು, ಅವಳಿಲ್ಲ. ಆದದ್ದು ಆಗಿಹೋಯಿತು. ಧೈರ್ಯವಾಗಿ ಹೋಗು.

ನಿನ್ನ ಅಪ್ಪ
ದುರ್ಗಪ್ಪ


ಬೆಲ್ಲದ ಬಾಗೇವಾಡಿ
೨೦ ಏಪ್ರಿಲ್ ೨೦೨೫

ಅಪ್ಪಾ,

ನಿಮ್ಮ ಕಾಗದ ತಲುಪಿತು. ನೀವು ದೂರಲಿಲ್ಲ, ಖರೆ. ಬೈದಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆ.

ಕೈ ತಪ್ಪುವುದು ಸಹಜ ಎಂದು ಬರೆದಿದ್ದೀರಿ. ತಪ್ಪುವ ಕೈಗೆ ಹತ್ತು ಟನ್ನಿನ ಗಾಡಿ ಯಾಕೆ? ಬರುವುದಿಲ್ಲ ಎಂದು ಸಹಿ ಮಾಡಿದ ಕಾಗದ ಮೇಜಿನ ಮೇಲೆ ಇದೆ. ಇಪ್ಪತ್ತೊಂಬತ್ತಕ್ಕೆ ಸೂಟಿ ಹಾಕಿ ಗೋಕಾಕಕ್ಕೆ ಹೋಗಿ ಕೊಟ್ಟು ಬರುತ್ತೇನೆ. ನನ್ನ ನಂತರ ಹೆಸರಿರುವುದು ಶಿವಾನಿ ಎಂಬ ಹುಡುಗಿಯದು, ಹಿಡಕಲ್ಲಿನವಳು. ಅವಳಿಗಾದರೂ ಸಿಗಲಿ.

ಔಷಧ ಬಿಡಬೇಡಿ.

ಆಮ್ರಪಾಲಿ


ಮೂಡಲಗಿ
೨೪ ಏಪ್ರಿಲ್ ೨೦೨೫
(ಸ್ಪೀಡ್ ಪೋಸ್ಟ್)

ಆಮ್ರಪಾಲಿ,

ಸಹಿ ಮಾಡಿದ ಕಾಗದ ಕೊಡಬೇಡ. ಇದನ್ನು ಓದಿದ ಮೇಲೆ ನಿನ್ನ ಇಷ್ಟ.

ನೀನು ಒಂದೇ ಬಡಿದೆ.

ಅದು ನನಗೆ ಸ್ಪಷ್ಟವಾಗಿ ಕೇಳಿತು. ಹದಿನೆಂಟು ವರ್ಷದಿಂದ ಕೇಳುತ್ತಿದೆ. ನಿನ್ನ ಕೈ ಗಟ್ಟಿ ಇತ್ತು. ತಗಡು ಗಂಟೆಯ ಹಾಗೆ ಮೊಳಗಿತು.

ನಿನಗೆ ನೆನಪಿದೆಯೋ ಇಲ್ಲವೋ. ಗೋದಾಮಿಗೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಕುಡಿಯಲು ನೀರು ಕೇಳಿದೆವು. ಬಾಗಿಲಲ್ಲಿ ಮಣ್ಣಿನ ಹರವಿ ಇತ್ತು, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಗಾಜಿನ ಗ್ಲಾಸು. ಅಲ್ಲಿಯ ಗುಮಾಸ್ತ ಗ್ಲಾಸು ಕೊಡಲಿಲ್ಲ. ತಂಬಿಗೆಯಲ್ಲಿ ನೀರು ತಂದು ಬೊಗಸೆ ಹಿಡಿ ಎಂದ. ನಾನು ಹಿಡಿದೆ, ಮೇಲಿನಿಂದ ಸುರಿದ. ನನಗೆ ಅದು ಹೊಸದಲ್ಲ. ಆಮೇಲೆ ನಿನ್ನ ಪಾಳಿ ಬಂತು. ನೀನು ಗಿಡ್ಡ ಇದ್ದೆ, ಅವನು ಬಗ್ಗಬೇಕಿತ್ತು. ಬಗ್ಗಲಿಲ್ಲ. ತಂಬಿಗೆಯನ್ನು ಇನ್ನೂ ಮೇಲೆ ಎತ್ತಿ ಸುರಿದ. ನಿನ್ನ ಮುಖ, ಅಂಗಿ ಎಲ್ಲಾ ತೊಯ್ದಿತು. ನೀನು ಅದನ್ನು ಆಟ ಎಂದು ತಿಳಿದು ನಕ್ಕೆ.

ನಿನ್ನ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಆದರೂ ಬಾಯಿ ತೆರೆಯಲಿಲ್ಲ. ಮಾಲು ಇಳಿಯಬೇಕಿತ್ತು, ಮಾಲಕನಿಗೆ ಉತ್ತರ ಹೇಳಬೇಕಿತ್ತು. ಕ್ಯಾಬಿನ್ನು ಹತ್ತಿದೆ. ಅವರು ಹೊಸದಾಗಿ ಕಲ್ಲಿನ ಕಟ್ಟೆ ಕಟ್ಟಿಸಿದ್ದರು. ನಿನ್ನ ಬಡಿತ ಕೇಳಿತು. ಅವರ ಕಟ್ಟೆ ಒಡೆಯಲಿ ಎಂದುಕೊಂಡೆ. ಕಾಲು ಬ್ರೇಕಿನ ಮೇಲೆ ಇತ್ತು, ಒತ್ತಲಿಲ್ಲ. ಒಂದು ಮೊಳದಷ್ಟು ಬಿಟ್ಟೆ, ಅಷ್ಟೇ. ಮಾಲಿಂಗಪ್ಪ ಡಾಲಾ, ಲಾರಿಯ ಹಿಂದಿನ ಹಲಗೆ, ಬಿಚ್ಚಲು ಹಿಂದೆ ಬಂದಿದ್ದು ನನಗೆ ಗೊತ್ತಿರಲಿಲ್ಲ. ಇದಿಷ್ಟು ಖರೆ.

ಚೀರಾಟ ಕೇಳಿ ಇಳಿದಾಗ ಜನ ನಿನ್ನ ಸುತ್ತ ನಿಂತು ಎಷ್ಟು ಬಡಿದೆ ಎಂದು ಕೇಳುತ್ತಿದ್ದರು. ಯಾರೋ "ಹುಡುಗಿ ಎರಡ ಬಡದಾಳ" ಎಂದರು. ನಾನು ಸುಮ್ಮನಿದ್ದೆ. ಸಣ್ಣ ಹುಡುಗಿಗೆ ಶಿಕ್ಷೆಯಿಲ್ಲ, ಪೊಲೀಸರು ಬರೆದುಕೊಂಡು ಹೋಗುತ್ತಾರೆ, ನಾಳೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡೆ. ಹಾಗೇ ಆಯಿತು. ಎಲ್ಲರೂ ಮರೆತರು, ನೀನೊಬ್ಬಳನ್ನು ಬಿಟ್ಟು. ಲಾರಿ ಬಿಟ್ಟದ್ದನ್ನು ಪ್ರಾಯಶ್ಚಿತ್ತ ಎಂದುಕೊಂಡೆ. ಲಾರಿಗೆ ಅದರಿಂದ ಏನಾಗಬೇಕು?

ಅಂದಿನಿಂದ ಊರಿನ ಅನ್ಯಾಯಗಳನ್ನೆಲ್ಲ ಹುಡುಕಿ ಹುಡುಕಿ ಬರೆದೆ. ಇದೊಂದನ್ನು ಬರೆಯಲಿಲ್ಲ. ಹತ್ತು ದಿನದ ಹಿಂದೆ ಕೂಡ ನಿನಗೆ "ಮಕ್ಕಳ ಕೈ ತಪ್ಪುವುದು ಸಹಜ" ಎಂದು ಬರೆದು ಅಂಚೆಗೆ ಹಾಕಿ ಬಂದು ಊಟ ಮಾಡಿದೆ.

ದುರ್ಗಪ್ಪ


ಮೂಡಲಗಿ
೧೨ ಮೇ ೨೦೨೫

ಆಮ್ರಪಾಲಿ,

ಕಾಗದ ಮುಟ್ಟಿದೆ ಎಂದು ಅಂಚೆ ಕಚೇರಿಯಲ್ಲಿ ತೋರಿಸಿದರು. ಏಪ್ರಿಲ್ ಇಪ್ಪತ್ತಾರು, ಶನಿವಾರ, ನಿನ್ನದೇ ಸಹಿ. ಹಾಗಾದರೆ ಓದಿದ್ದೀ.

ಫೋನು ಎರಡು ಸಲ ಹೊಡೆದುಕೊಂಡಿತು. ನಾನು ಎತ್ತಿದೆ, ಆ ಕಡೆಯಿಂದಲೂ ಮಾತಿಲ್ಲ. ನೀನೇ ಎಂದು ತಿಳಿದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ಬ್ಯಾಂಕಿನವರ ಫೋನೂ ಇರಬಹುದು.

ಗೋಕಾಕಕ್ಕೆ ಏನು ಹೇಳಿದೆ? ಅದಷ್ಟು ತಿಳಿಸು. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ದುರ್ಗಪ್ಪ


ಬೆಲ್ಲದ ಬಾಗೇವಾಡಿ
೧೯ ಮೇ ೨೦೨೫

ಅಪ್ಪಾ,

ಫೋನು ಬ್ಯಾಂಕಿನವರದ್ದಲ್ಲ.

ಗೋಕಾಕಕ್ಕೆ ಬರುತ್ತೇನೆ ಎಂದು ಇಪ್ಪತ್ತೊಂಬತ್ತಕ್ಕೆ ಕೊಟ್ಟು ಬಂದೆ. ನಿಮ್ಮ ಕಾಗದದಿಂದ ಧೈರ್ಯ ಬಂತು ಎಂದು ತಿಳಿಯಬೇಡಿ. ಸಿಟ್ಟಿನಲ್ಲಿ ಹೋಗಿ ಕೊಟ್ಟೆ. ಬಸ್ಸು ಹಿಡಿದು ಮರಳಿ ಬರುವಾಗಲೇ, ಇಳಿದು ಹೋಗಿ ಆ ಕಾಗದ ವಾಪಸು ಕೇಳಲೇ ಎಂದುಕೊಂಡೆ. ಸತ್ಯ ತಿಳಿದ ಕೂಡಲೇ ಹೆದರಿಕೆ ಓಡಿಹೋಗುತ್ತದೆ ಎಂದು ನೀವು ಓದಿದ ಪುಸ್ತಕಗಳಲ್ಲಿ ಇರಬಹುದು. ನನಗೆ ಹಾಗಾಗಲಿಲ್ಲ. ಕಿವಿಯಲ್ಲಿ ಇನ್ನೂ ಎರಡೇ ಕೇಳುತ್ತದೆ. ಒಂದು, ಒಂದು ಎಂದು ದಿನಾ ಹೇಳಿಕೊಳ್ಳುತ್ತೇನೆ. ಹದಿನೆಂಟು ವರ್ಷದ ಪಾಠವನ್ನು ಒಂದು ಸ್ಪೀಡ್ ಪೋಸ್ಟ್ ಅಳಿಸುವುದಿಲ್ಲ.

ತಂಬಿಗೆ ನನಗೆ ನೆನಪಿದೆ. ನಕ್ಕದ್ದು ಆಟ ಎಂದು ತಿಳಿದಲ್ಲ. ನಿಮ್ಮ ಮುಖ ನೋಡಿ ನಕ್ಕೆ. ನಾನು ನಕ್ಕರೆ ನಿಮಗೆ ಸ್ವಲ್ಪ ಹಗುರವಾದೀತು ಅನ್ನಿಸಿತ್ತು.

ಆ ಗುಮಾಸ್ತನ ಮೇಲಿನ ನಿಮ್ಮ ಸಿಟ್ಟು ನನಗೂ ಇದೆ. ಆದರೆ ಅವನ ಕಾಲು ಮುರಿಯಲಿಲ್ಲ, ಅವನ ಮಗಳು ಊರು ಬಿಡಲಿಲ್ಲ. ನಿಮ್ಮ ಸಿಟ್ಟೆಲ್ಲ ನಮ್ಮವರ ಮೇಲೆಯೇ ಬಿತ್ತು.

ನನಗೆ ಹೇಳಿದ್ದು ಅರ್ಧವಾಯಿತು. ಮಾಲಿಂಗಪ್ಪ ಕಾಕಾನಿಗೆ ಹೇಳಿ. ನಾನು ಆ ಲಾರಿ ಹತ್ತುವ ಮೊದಲು, ಜೂನ್ ಎರಡರ ಒಳಗೆ. ಕಾಕಾನಿಗೆ ಓದಲು ಬರುವುದಿಲ್ಲ, ನಿಮಗೆ ಮಾತಾಡಲು ಬರುವುದಿಲ್ಲ, ಗೊತ್ತು. ನೀವು ಬರೆದದ್ದನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕಾಗುತ್ತದೆ. ಅದನ್ನು ಓದಲು ನಾನು ಬರುವುದಿಲ್ಲ. ಆ ಮಾತನ್ನು ಇಷ್ಟು ವರ್ಷ ನಾನೇ ಹೊತ್ತಿದ್ದೇನೆ.

ಆಮ್ರಪಾಲಿ


ಮೂಡಲಗಿ
೨೯ ಮೇ ೨೦೨೫
(ಸ್ಪೀಡ್ ಪೋಸ್ಟ್)

ಆಮ್ರಪಾಲಿ,

ನಿನ್ನೆ ಹೋಗಿದ್ದೆ.

ಮೊದಲು ಮೂರು ದಿನ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದೆ. ಎರಡು ಹಾಳೆ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬೆವರಿಗೆ ತೊಯ್ದವು, ಮತ್ತೆ ಬರೆದೆ. ನಿನ್ನೆ ಹನ್ನೊಂದು ಗಂಟೆಗೆ ಎಲೆಯ ಬುಟ್ಟಿಯ ಮುಂದೆ ಹೋಗಿ ನಿಂತೆ. ಮಾಲಿಂಗಪ್ಪ ಇದ್ದ, ಅವನ ಹೆಂಡತಿ ಸುಂದ್ರವ್ವ ಎಲೆಗೆ ನೀರು ಚಿಮುಕಿಸುತ್ತಿದ್ದಳು. ಮಗಳು ಅರ್ಚನಾ ಕಾಲೇಜಿನ ಸೂಟಿ ಎಂದು ಪಕ್ಕದಲ್ಲಿ ಕುಳಿತಿದ್ದಳು. ಎಲೆ ಕೊಳ್ಳಲು ಬಂದ ಮೂವರು ಇದ್ದರು. ಅವರು ಹೋಗಲಿ ಎಂದು ಕಾದೆ. ಒಬ್ಬ ಹೋದರೆ ಇಬ್ಬರು ಬರುತ್ತಾರೆ, ನಿಲ್ದಾಣವಲ್ಲವೇ. ಕೊನೆಗೆ ಹಾಳೆ ತೆಗೆದು ಅರ್ಚನಾಳ ಕೈಗೆ ಕೊಟ್ಟೆ.

"ಏನ್ ಕಾಕಾ, ಮತ್ತ ಅರ್ಜಿ ಏನು?" ಎಂದು ನಕ್ಕಳು. "ಈ ಸಲ ಯಾರ ಮ್ಯಾಲ?"

ನಾನು ಮಾಲಿಂಗಪ್ಪನ ಕಡೆ ಕೈ ತೋರಿಸಿ ಓದು ಎಂದು ಸನ್ನೆ ಮಾಡಿದೆ. ಅವಳು ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದಳು. ಒಳ್ಳೆಯ ದನಿ. ತಂಬಿಗೆಯವರೆಗೆ ಓದಿದಳು. ಬ್ರೇಕಿನ ಮಾತು ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮುಂದ ಓದ್ಲ್ಯಾ, ಕಾಕಾ?"

ನಾನು ತಲೆ ಅಲ್ಲಾಡಿಸುವ ಮೊದಲೇ ಮಾಲಿಂಗಪ್ಪ, "ಓದವಾ. ನಿಲ್ಲಿಸಬ್ಯಾಡ," ಎಂದ.

ಮುಗಿದ ಮೇಲೆ ಸುಂದ್ರವ್ವ ನೀರಿನ ಚೆಂಬು ಕೆಳಗಿಟ್ಟಳು. "ಹದಿನೆಂಟ ವರ್ಷ ನಮ್ಮ ಮುಂದ ಅಡ್ಡಾಡಿದ್ಯಲ್ಲೋ ಮಾರಾಯಾ! ಎಲಿ ತಗೊಂಡ ಹ್ವಾದಿ, ಹಬ್ಬಕ್ಕ ಬೇವು-ಬೆಲ್ಲ ತಿಂದ ಹ್ವಾದಿ!" ಎಂದವಳು ಎದ್ದು ನಿಲ್ದಾಣದೊಳಗೆ ಹೋಗಿಬಿಟ್ಟಳು. ನಾನು ಇರುವಷ್ಟು ಹೊತ್ತು ಮರಳಿ ಬರಲಿಲ್ಲ.

ಮಾಲಿಂಗಪ್ಪ ಎಲೆ ಕಟ್ಟುವುದನ್ನು ಬಿಡಲಿಲ್ಲ. ಒಂದು ಕವಳೆ ಕಟ್ಟಿ ಮುಗಿಸಿ ಹೇಳಿದ: "ನನಗ ಗೊತ್ತಿತ್ತೋ ದುರ್ಗ್ಯಾ. ಒಂದ ಬಡದದ್ದಕ್ಕ ನಾ ನಡುವ ಹೋದ್ನಿ. ಹಮಾಲರಿಗೆ ಒಂದ ಬಡದ್ರು ಅಂದ್ರ ಗಾಡಿ ನಿಂತಂಗ. ಎರಡ ಬಡದಿದ್ರ ಡಾಲಾ ಬಿಚ್ಚಾಕ ಹೋಗತಿದ್ನೇನು? ನನಗೇನ್ ಕಾಲು ಭಾಳ ಆಗಿದ್ದೂವೇನು?"

ಎಲೆ ಕೊಳ್ಳಲು ನಿಂತವನೊಬ್ಬ ನಕ್ಕ. ಮಾಲಿಂಗಪ್ಪ ನಗಲಿಲ್ಲ.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಹಾಳೆಯ ಹಿಂದೆ ಬರೆದೆ. ಅರ್ಚನಾ ಓದಿದಳು.

"ಯಾರ್ ಕೇಳಿದ್ರು? ಮೂರ ತಿಂಗಳ ಬೆಳಗಾಂವಿ ದವಾಖಾನ್ಯಾಗ ಬಿದ್ದಿದ್ನಿ. ಬರೂದ್ರಾಗ ಎಲ್ಲಾ ಬರದ ಮುಗಿಸಿದ್ರು. ಪೊಲೀಸರು ಕೇಳ್ಲಿಲ್ಲ, ಮಾಲಕ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಕಾಲ ಹೋದಂವನ ಮಾತ ಏನೈತಿ ಕೇಳಾಕ? ನೀ ಊರ ತುಂಬ ಅರ್ಜಿ ಬರ್ಕೊಂಡ ಅಡ್ಡಾಡೂದ ನೋಡ್ತಿದ್ನಿ. ಒಂದಿನ ನಂದೂ ಬರೀತಾನ ಅಂತ ಕುಂತಿದ್ನಿ." ಇನ್ನೊಂದು ಕವಳೆಗೆ ಎಲೆ ತೆಗೆದುಕೊಳ್ಳುತ್ತ ಅಂದ, "ಆ ಹುಡುಗಿಗರೆ ಹೇಳೋಣ ಅಂದ್ರ, ಅದು ನನ್ನ ಕಂಡ್ರ ಆ ಕಡಿಂದ ಹೋಕ್ಕಿತ್ತು. ಕೂಗಿದ್ನಿ ಎರಡ ಸಲ. ಓಡಿ ಹೋತು."

ನಾನು ಕೈ ಮುಗಿದೆ. "ಅದೆಲ್ಲಾ ಬ್ಯಾಡ, ತಗಿ," ಎಂದ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಗಿರಾಕಿ ಬಂದರು, ನಾನು ಸರಿದು ನಿಂತೆ. ಹೊರಡುವಾಗ ಕರೆದು ಹೇಳಿದ, "ಆಕಿ ಲಾರಿ ಕಲಿಯಾಕ ಹೋಗ್ತಾಳ ಅಂತ ಬರದೀ ಅಲ್ಲ. ಹೋಗಂತ ಹೇಳು. ಆಕಿ ಬಡತ ಸುಳ್ಳ ಇರಲಿಲ್ಲ ಅಂತ ಹೇಳು."

ಹೇಳಿದ್ದೇನೆ.

ಇಂದು ಬೆಳಿಗ್ಗೆ ಗ್ರಂಥಾಲಯಕ್ಕೆ ಹೋದೆ. ದಿನಾ ಪೇಪರಿನ ಒಂದು ಹಾಳೆಯನ್ನು ನನ್ನ ಕಡೆ ಸರಿಸುತ್ತಿದ್ದ ಗುರುಪಾದ ಇಂದು ಸರಿಸಲಿಲ್ಲ. ಊರು ಸಣ್ಣದು. ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಕುಳಿತೆ. ನೀನು ಎಷ್ಟು ವರ್ಷ ಹೀಗೆ ಕುಳಿತಿದ್ದೆ ಎಂದು ಲೆಕ್ಕ ಹಾಕಿದೆ.

ದುರ್ಗಪ್ಪ


ಗೋಕಾಕ
೮ ಜೂನ್ ೨೦೨೫

ಅಪ್ಪಾ,

ಒಂದು ವಾರವಾಯಿತು. ಶಾಲೆಯ ಹತ್ತಿರವೇ ಒಬ್ಬ ಅಜ್ಜಿಯ ಮನೆಯಲ್ಲಿ ಇಳಿದುಕೊಂಡಿದ್ದೇನೆ. ಅವಳಿಗೆ ಕಿವಿ ಕೇಳುವುದಿಲ್ಲ. ಮಾತಾಡುವ ತೊಂದರೆ ಇಲ್ಲಿಯೂ ಇಲ್ಲ.

ನಾನು ಹೊರಡುವ ಹಿಂದಿನ ದಿನ ನಿಮ್ಮ ಕಾಗದ ಕೈಗೆ ಬಂತು. ಓದಿ ಮಡಚಿ ಚೀಲದಲ್ಲಿ ಇಟ್ಟೆ. ಕಾಕಾ ಎರಡು ಸಲ ಕೂಗಿದ್ದರು ಎಂಬಲ್ಲಿ ನಿಂತುಬಿಟ್ಟೆ. ಒಂದು ಸಲ ನನಗೂ ನೆನಪಿದೆ. ಬೈಯಲು ಕರೆಯುತ್ತಿದ್ದಾರೆ ಎಂದು ಓಡಿದ್ದೆ.

ಸೋಮವಾರ ಬಾಳೇಶ ಮಾಸ್ತರರು ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದರು. ಹಿಡಕಲ್ಲಿನ ಶಿವಾನಿಯೂ ಬಂದಿದ್ದಾಳೆ. ಯಾರೋ ಬಿಟ್ಟರಂತೆ, ಅವಳಿಗೂ ಸಿಕ್ಕಿತು. ಮೂರು ದಿನ ಮುಂದೆ ಓಡಿಸಲು ಕಲಿಸಿದರು. ಎತ್ತರದಿಂದ ರಸ್ತೆ ದೂರದವರೆಗೆ ಕಾಣುತ್ತದೆ, ನೀವು ಬರೆದದ್ದು ಖರೆ. ಗುರುವಾರ ಬೆಳಿಗ್ಗೆ ಎಂಟು ಡ್ರಮ್ಮು ಎರಡು ಸಾಲಾಗಿ ಇಟ್ಟು, ನಡುವೆ ಲಾರಿಯನ್ನು ಹಿಂದಕ್ಕೆ ತರಬೇಕು ಎಂದರು. ಮೊದಲು ನನ್ನನ್ನೇ ಕರೆದರು.

ಹತ್ತಿದೆ. ಹಿಂದಿನ ಗೇರ್ ಹಾಕಿದೆ, ತೆಗೆದೆ. ಬಾಗಿಲು ತೆರೆದು ಕೆಳಗೆ ಇಳಿದೆ. ಎಲ್ಲರೂ ನಾನು ಬಿಟ್ಟು ಹೊರಟೆ ಎಂದುಕೊಂಡರು. ನಾನು ನಡೆದು ಹಿಂದೆ ಹೋಗಿ ಡ್ರಮ್ಮುಗಳ ನಡುವೆ ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಯಾರೂ ಇರಲಿಲ್ಲ. ಮರಳಿ ಹತ್ತಿದೆ.

"ಏನವಾ, ರಂಗೋಲಿ ಹಾಕಾಕ ಹೋಗಿದ್ಯೇನು?" ಎಂದು ಮಾಸ್ತರರು ಕೇಳಿದರು. ಹುಡುಗರೆಲ್ಲ ನಕ್ಕರು.

"ನೋಡಿಬಂದ್ನಿರಿ," ಎಂದೆ.

"ಹಿಂದ ನಾ ಇದ್ದೇನಲ್ಲ? ನನ್ನ ಮ್ಯಾಲ ಭರವಸಾ ಇಲ್ಲೇನು?"

"ಐತ್ರಿ. ಆದರೂ ನೋಡೇ ಬರ್ತೇನ್ರಿ."

ಅವರು ಹಿಂದೆ ಹೋಗಿ ನಿಂತು "ಬರ್ಲಿ, ಬರ್ಲಿ" ಎಂದರು. ಲಾರಿ ಹಿಂದಕ್ಕೆ ಸರಿಯಿತು. ಎಡಗಡೆಯ ಡ್ರಮ್ಮು ತೀರಾ ಹತ್ತಿರ ಬಂತು, ತಿದ್ದಿಕೊಂಡೆ. ಬಾಡಿಯ ಮೇಲೆ ಬಡಿತ ಬಿತ್ತು. ಒಂದು. ಕಾಲು ತಾನೇ ಬ್ರೇಕಿನ ಮೇಲೆ ಕುಳಿತಿತು. ಲಾರಿ ಜಗ್ಗಿ ನಿಂತು ಎಂಜಿನ್ ಬಂದ್ ಆಯಿತು.

"ಇಷ್ಟ ಜೋರ ಯಾಕವಾ!" ಎಂದು ಮಾಸ್ತರರು ಹಿಂದಿನಿಂದ ಕೂಗಿದರು. ಶಿವಾನಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ನಾನು ಕೂತಲ್ಲೇ ಅತ್ತೆ. ಅವರಿಗೆ ಹೆದರಿಕೆಯಿಂದ ಅತ್ತ ಹಾಗೆ ಕಂಡಿರಬಹುದು. ಇರಲಿ.

ಅದೂ ಸೇರಿ ಮೂರು ದಿನದಲ್ಲಿ ಒಂಬತ್ತು ಸಲ ತೆಗೆದುಕೊಂಡಿದ್ದೇನೆ. ಎರಡು ಡ್ರಮ್ಮು ಬೀಳಿಸಿದೆ. ಪ್ರತಿ ಸಲ ಇಳಿದು ನೋಡುತ್ತೇನೆ, ಪ್ರತಿ ಸಲ ಅವರು ನಗುತ್ತಾರೆ. ಹೆದರಿಕೆ ಹೋಗಿಲ್ಲ. ಅದರ ಜೊತೆಯಲ್ಲೇ ಹತ್ತುತ್ತೇನೆ.

ಜುಲೈ ಮೊದಲ ವಾರ ತರಬೇತಿ ಮುಗಿಯುತ್ತದೆ, ಎರಡು ದಿನ ಸೂಟಿ. ಮೂಡಲಗಿಗೆ ಬರುತ್ತೇನೆ. ಮೊದಲು ಮಾಲಿಂಗಪ್ಪ ಕಾಕಾನ ಹತ್ತಿರ ಹೋಗುತ್ತೇನೆ. ಸುಂದ್ರವ್ವ ಕಾಕಿ ಬಾಗಿಲಿಗೆ ಸೇರಿಸಿದರೆ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ, ಅದನ್ನು ಕೇಳಬೇಡಿ. ನಿಮ್ಮ ಸಿಟ್ಟು ಸುಳ್ಳಲ್ಲ ಎಂದು ಮಾತ್ರ ಗೊತ್ತು.

ಮಧ್ಯಾಹ್ನ ಮನೆಗೆ ಬರುತ್ತೇನೆ. ನಾನೇ ಅಡಿಗೆ ಮಾಡುತ್ತೇನೆ, ನಿಮಗೆ ನುಂಗಲು ಬರುವ ಹಾಗೆ ಮೆತ್ತಗೆ. ಇಬ್ಬರೂ ಕೂತು ಉಣ್ಣೋಣ. ಆ ಹೊತ್ತಿನಲ್ಲಿ ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಬೇಡಿ.

ಆಮ್ರಪಾಲಿ